ಮೂರು ಗುಂಪು, ಒಂದೇ ಪಾಠ

"ಮಕ್ಕಳನ್ನ ಜಾಣರು, ದಡ್ಡರು ಅಂತ ಬೇರೆ ಬೇರೆ ಕೂರಿಸೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

ಬಾಗಿಲಲ್ಲಿ ನಿಂತು ಕೇಳಿದವನು ಪಕ್ಕದ ಸೆಕ್ಷನ್‌ಗೆ ಹೊಸದಾಗಿ ಬಂದ ಮೇಷ್ಟ್ರು. ಉದ್ದಕ್ಕೆ, ನೆಟ್ಟಗೆ ಇದ್ದ ಅವನಿಗೆ ಮಕ್ಕಳು ಸ್ಕೇಲ್ ಮೇಷ್ಟ್ರು ಎಂದು ನಾಮಕರಣ ಮಾಡಿಯಾಗಿತ್ತು.

ನಾಲ್ಕನೇ ತರಗತಿಯ ಟೀಚರ್ ತಿರುಗಿ ನೋಡಿದಳು. ಪೌರನೀತಿಯಲ್ಲಿ ಅಂದು ಮತದಾನದ ಪಾಠ. ಒಂದು ಗುಂಪು ಓದಿ ವಾದ ಮಾಡುತ್ತಿತ್ತು, ಇನ್ನೊಂದು ಪೋಸ್ಟರ್ ಬಿಡಿಸುತ್ತಿತ್ತು, ಮೂರನೆಯದು ಶೂ ಡಬ್ಬಿಗೆ ತೂತು ಕೊರೆದು ಚುನಾವಣೆಯನ್ನೇ ನಡೆಸುತ್ತಿತ್ತು.

"ಪಾಠ ಒಂದೇ ಸಾರ್, ಕಲಿಯೋ ದಾರಿ ಬೇರೆ. ಗೊತ್ತಿಲ್ಲದೆ ಮಾತಾಡಬೇಡಿ!"

"ನನಗೆ ಚೆನ್ನಾಗೇ ಗೊತ್ತು..." ಎಂದು ಅವನು ಹೊರಟುಹೋದ. ಅವನ ಕಣ್ಣು ತುಂಬಿದ್ದನ್ನು ಅವಳು ನೋಡಲಿಲ್ಲ. ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಬಿಡಿ!

ಸಂಜೆ ಹೆಡ್‌ಮಿಸ್ಟ್ರೆಸ್ ಕರೆದರು.

"ನೋಡಮ್ಮ, ದೂರು ಬಂದಿದೆ. ನಾಳೆ ನಾನೇ ಬಂದು ಕೂರ್ತೀನಿ. ಎಲ್ಲರಿಗೂ ಒಂದೇ ಥರ ಪಾಠ ಮಾಡು. ಇಲ್ಲಾಂದ್ರೆ ನಿನ್ನ ಕ್ಲಾಸು ಆ ಮೇಷ್ಟ್ರಿಗೆ."

ದೂರು! ಅವನದೇ! ಸ್ಟಾಫ್ ರೂಮಿನಲ್ಲಿ ಫ್ಯಾನ್ ಕೆಳಗಿನ ಕುರ್ಚಿಯನ್ನು ದಿನವೂ ನನಗೆ ಬಿಟ್ಟುಕೊಡುತ್ತಿದ್ದವನು... ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆಗಿದ್ದಾಗಲಿ, ನನ್ನ ಮಕ್ಕಳಿಗೆ ನಾನು ಹೀಗೇ ಕಲಿಸೋದು!

ಮರುದಿನವೂ ಮೂರೇ ಗುಂಪು. ಹೆಡ್‌ಮಿಸ್ಟ್ರೆಸ್ ಮುಖ ಗಂಟಿಕ್ಕಿಕೊಂಡು ಹಿಂದೆ ಕೂತರು. ಅವನು ಬಾಗಿಲಲ್ಲೇ ನಿಂತ.

ಟೀಚರ್ ನೇರವಾಗಿ ಹೇಳಿದಳು. "ಮಕ್ಕಳೇ, ಹೀಗೆ ಕಲಿಸಿದ್ರೆ ಈ ಕ್ಲಾಸು ನನ್ನ ಕೈತಪ್ಪುತ್ತಂತೆ. ನೀವೇನಂತೀರಿ?"

ವಾದದ ಗುಂಪಿನಿಂದ ಒಬ್ಬ ಹುಡುಗಿ ಎದ್ದಳು. ನಿನ್ನೆ ತುಟಿ ಪಿಟಕ್ಕೆನ್ನದೆ ಪೋಸ್ಟರ್ ಬಿಡಿಸುತ್ತಿದ್ದವಳು!

"ಅದನ್ನ ಹೆಡ್ ಮೇಡಂ ಒಬ್ರೇ ತೀರ್ಮಾನ ಮಾಡೋ ಹಾಗಿಲ್ಲ. ನಮಗೂ ಓಟಿದೆ!"

ಅವನು ಬೆಚ್ಚಿದ. "ಈ ಹುಡುಗಿ ನಿನ್ನೆ ಬೇರೆ ಗುಂಪಲ್ಲಿ ಇದ್ಲಲ್ವಾ?"

"ದಿನಾ ಗುಂಪು ಬದಲಾಗುತ್ತೆ. ಅವರವರೇ ಆರಿಸ್ಕೋತಾರೆ. ಕೇಳಿದ್ರೆ ತಾನೇ ನಿಮಗೆ ಗೊತ್ತಾಗೋದು?" ಎಂದಳು ಟೀಚರ್.

ಅವನು ಒಳಗೆ ಬಂದು ಟೀಚರ್ ಕಡೆ ತಿರುಗಿದ. "ಮೇಡಂ, ದೂರು ಕೊಟ್ಟವನು ನಾನೇ. ಚಿಕ್ಕವನಿದ್ದಾಗ ನನ್ನನ್ನ ವರ್ಷಗಟ್ಟಲೆ ದಡ್ಡರ ಬೆಂಚಲ್ಲಿ ಕೂರಿಸಿದ್ರು. ಇದೂ ಅದೇ ಅಂದ್ಕೊಂಡೆ... ತಪ್ಪು ನನ್ನದು."

ಹೆಡ್‌ಮಿಸ್ಟ್ರೆಸ್ ಎದ್ದರು. "ಸರಿ, ಕ್ಲಾಸು ನಿನ್ನದೇ ಕಣಮ್ಮ. ಗದ್ದಲ ಮಾತ್ರ ಕಮ್ಮಿ ಮಾಡಿಸು."

"ಆಗಲ್ಲ ಮೇಡಂ. ಚುನಾವಣೆ ಅಂದ್ಮೇಲೆ ಗದ್ದಲ ಇದ್ದೇ ಇರುತ್ತೆ!"

ಮಕ್ಕಳೆಲ್ಲ ಮನೆಗೆ ಹೋದ ಮೇಲೂ ಅವನು ಅಲ್ಲೇ ನಿಂತಿದ್ದ.

"ನಿಮಗೊಂದು ಮಾತು ಹೇಳಬೇಕು... ಬಾಯೇ ಬರ್ತಿಲ್ಲ."

"ಬಾಯಿ ಬರದವರಿಗೂ ನನ್ನ ಕ್ಲಾಸಲ್ಲಿ ದಾರಿ ಇದೆ. ಚಿತ್ರ ಬಿಡಿಸಿ."

ಅವನು ಬೋರ್ಡಿನ ಮೇಲೆ ಒಂದು ಸೊಟ್ಟ ಫ್ಯಾನ್ ಬಿಡಿಸಿದ. ಅದರ ಕೆಳಗೆ ಎರಡು ಕುರ್ಚಿ, ಅಕ್ಕಪಕ್ಕ.

ಅವಳಿಗೆ ಅರ್ಥವಾಯಿತು. ಆದರೂ ಸೋಲಲು ಮನಸ್ಸಿಲ್ಲ!

"ನಾನು ಯಾರಿಗೋಸ್ಕರಾನೂ ಬದಲಾಗಲ್ಲ. ನನ್ನ ಕ್ಲಾಸಿನ ಗದ್ದಲಾನೂ ನಿಲ್ಲಲ್ಲ."

"ನಿಲ್ಲಿಸಬೇಡಿ. ನಮ್ಮಿಬ್ಬರ ಕ್ಲಾಸಿನ ಮಧ್ಯೆ ಇರೋದು ತೆಳ್ಳನೆ ಗೋಡೆ. ಜೀವನಪೂರ್ತಿ ಕೇಳಿಸ್ಕೊಂಡು ಇರ್ತೀನಿ."

ಅವಳು ಅವನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು, ಎರಡನೆಯ ಕುರ್ಚಿಯ ಮೇಲೆ ಮಕ್ಕಳು ಓಟಿಗೆ ಹಾಕುವಂಥದೇ ಒಂದು ಗುರುತು ಹಾಕಿದಳು.

"ಇದು... ಒಪ್ಪಿಗೆನಾ?"

"ಓಟು ಹಾಕಿದ್ದಾಯ್ತು ಸಾರ್. ಇನ್ನು ನೀವು ಗೆದ್ದು ತೋರಿಸಿ!"