ಸೆಕೆಂಡಿಗೊಮ್ಮೆ ಮಿನುಗುವ ತುಣುಕು

“ಮಿಣುಕ್... ಮಿಣುಕ್... ಮಿಣುಕ್.”

ಟೆರೇಸಿನ ಮೇಲೆ ನಿಂತ ಹುಡುಗಿ ಎಣಿಸಿ ಬರೆದುಕೊಂಡಳು: ಸಂಜೆ ಆರು ಐವತ್ತು. ಹಳೇ ಸೇತುವೆಯ ಗೋಡೆಗಿಂತ ಸ್ವಲ್ಪ ಮೇಲೆ. ಎಡದಿಂದ ಬಲಕ್ಕೆ. ಸೆಕೆಂಡಿಗೊಮ್ಮೆ.

ಬೆಳಕು ತಟ್ಟನೆ ಮಾಯವಾಯಿತು. ‘ಭೂಮಿಯ ನೆರಳಿಗೆ ಹೋಯಿತು’ ಎಂದೂ ಸೇರಿಸಿದಳು.

ಒಂದೇ ಸಮ ಹೊಳೆಯುತ್ತ ಸಾಗಿದರೆ ಉಪಗ್ರಹ. ಮಿನುಗುತ್ತ ಸಾಗಿದರೆ ಲಾಗ ಹಾಕುತ್ತಿರುವ ರಾಕೆಟ್ ತುಣುಕು ಇರಬಹುದು ಎಂದು ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟಿದ್ದರು. ಕ್ಲಾಸಿನಲ್ಲಿ ತುಣುಕು ಸಿಕ್ಕಿದ್ದು ಇವಳೊಬ್ಬಳಿಗೇ. ಜಂಬ ಕೊಚ್ಚಿಕೊಂಡದ್ದೂ ಆಗಿತ್ತು.

ಮರುದಿನ ಮೇಷ್ಟ್ರು ಮೂರು ಸಂಜೆಯ ಬರಹ ನೋಡಿ ತಲೆ ಕೆರೆದುಕೊಂಡರು.

“ದಿನಾ ಅದೇ ಟೈಮು, ಅದೇ ಜಾಗ. ಇಷ್ಟೊಂದು ಶಿಸ್ತಿರೋ ಬಾಹ್ಯಾಕಾಶದ ಕಸ ನಾನು ನೋಡೇ ಇಲ್ಲಮ್ಮ.”

ಹಿಂದಿನ ಬೆಂಚು ಕಿಸಕ್ಕೆಂದಿತು. ಇವತ್ತು ಬೇರೆ ಜಾಗದಿಂದ ನೋಡು, ನಾಳೆ ಕ್ಲಾಸಿನವರೆಲ್ಲ ಕಂಡದ್ದರ ಪಟ್ಟಿ ಗೋಡೆಗೆ ಅಂಟಿಸಬೇಕು ಎಂದರು ಮೇಷ್ಟ್ರು. ತುಣುಕು ಸುಳ್ಳಾದರೆ ಆ ಬೆಂಚು ವರ್ಷವಿಡೀ ಬಿಡುವುದಿಲ್ಲ.

ಸಂಜೆ ಅವಳು ಸೇತುವೆಗೇ ಹೋದಳು. ಅಲ್ಲಿ ಗಾಡಿಗಳ ಓಡಾಟ ನಿಂತು ಎಷ್ಟೋ ವರ್ಷವಾಗಿತ್ತು. ಆರು ಐವತ್ತಕ್ಕೆ ಸರಿಯಾಗಿ ತುಣುಕು ಬಂತು. ಅದಕ್ಕೆ ಎರಡು ಚಕ್ರ, ಒಂದು ಬೆಲ್ಲು, ಮೇಲೆ ಅಜ್ಜಿ.

ಸೈಕಲ್ ಇವಳದೇ. ಹಿಂದಿನ ಚಕ್ರದ ಕಡ್ಡಿಗೆ ಪುಟ್ಟ ಲೈಟ್ ಸಿಕ್ಕಿಸಿದ್ದೂ ಇವಳೇ. ಅದು ಸುತ್ತಿ ಮೇಲೆ ಬಂದಾಗ ಮಾತ್ರ ಗೋಡೆಯಾಚೆಗೆ ಕಾಣುತ್ತಿತ್ತು.

ಮೊಮ್ಮಗಳನ್ನು ಕಂಡ ಗಾಬರಿಗೆ ಅಜ್ಜಿ ಬ್ರೇಕ್ ಬಿಟ್ಟು ಬೆಲ್ ಒತ್ತಿದಳು. ಬೆಲ್ ಹೊಡೆಯುತ್ತಲೇ ಸೇತುವೆ ತುದಿಯ ಪೊದೆಯೊಳಗೆ ನುಗ್ಗಿದಳು.

ಭೂಮಿಯ ನೆರಳು ಅಂದರೆ ಇದೇ.

“ಯಾರಿಗೂ ಹೇಳ್ಬೇಡ್ವೇ,” ಅಜ್ಜಿ ತಲೆಯಿಂದ ಎಲೆ ಕಿತ್ತುಕೊಂಡಳು. “ಭಾನುವಾರ ನನ್ನ ತಂಗಿ ಬರ್ತಾಳೆ. ನನಗೆ ಸೈಕಲ್ ಬರಲ್ಲ ಅಂತ ಐವತ್ತು ವರ್ಷದಿಂದ ಹಂಗಿಸ್ತಿದಾಳೆ.”

“ಅವಳ ಮುಂದೇನೇ ಬಿದ್ರೆ? ನಗಲ್ವಾ?”

“ಈಗ ನೀನು ನಗ್ತಾನೇ ಇದೀಯಲ್ಲ. ನಾನೇನು ಸವೆದುಹೋದ್ನಾ?”

ಹುಡುಗಿ ಬಾಯಿ ಮುಚ್ಚಿಕೊಂಡಳು. ನಗು ಬೆರಳಿನ ಸಂದಿಯಿಂದ ಹೊರಬಂತು. ಅಜ್ಜಿಯೂ ನಕ್ಕಳು.

ಮರುದಿನ ಅವಳು ಪಟ್ಟಿಯಲ್ಲಿ ‘ರಾಕೆಟ್ ತುಣುಕು’ ಹೊಡೆದುಹಾಕಿ ಹೀಗೆ ಬರೆದಳು: ‘ಸೈಕಲ್. ಸವಾರರ ಹೆಸರು ಗುಟ್ಟು.’ ಹಿಂದಿನ ಬೆಂಚು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳು ತನ್ನ ಕೈಕಾಲು ನೋಡಿಕೊಂಡಳು. ಎಲ್ಲೂ ಸವೆದಿರಲಿಲ್ಲ.

ಸಂಜೆ ಸೇತುವೆಯ ಮೇಲೆ ಸೀಟು ಹಿಡಿದು ಅಜ್ಜಿಯ ಹಿಂದೆ ಓಡಿದಳು. ಹೇಳದೆಯೇ ಕೈ ಬಿಟ್ಟು, ನಿಂತು ಎಣಿಸಿದಳು.

ನಲವತ್ತು ಮಿಣುಕು. ನೆರಳು ಬರಲೇ ಇಲ್ಲ.