ಫೋಟೊದಲ್ಲಿ ಉಳಿದ ಕೈ

"ಇದು ರೆಸ್ಯೂಮೋ, ಮದುವೆ ಮನೆ ಸಾಮಾನಿನ ಪಟ್ಟಿಯೋ?"

ನಾಗ್ಲಾ ಹಾಳೆಗಳನ್ನು ಮೇಜಿನ ಮೇಲೆ ಕುಕ್ಕಿದಳು. ಎದುರಿಗಿದ್ದ ರಾಫತ್‌ನ ಮುಖ ಕೆಂಪಾಯಿತು.

ಪೋರ್ಟ್ ಸೈದ್‌ನ ದೋಣಿಕಟ್ಟೆಯ ಪಕ್ಕದಲ್ಲೇ ಅವಳಪ್ಪನ ಜೆರಾಕ್ಸ್ ಅಂಗಡಿ. ರೆಸ್ಯೂಮ್ ತಿದ್ದುವುದರಲ್ಲಿ ನಾಗ್ಲಾ ಗಟ್ಟಿಗಿತ್ತಿ, ಬೈಯುವುದರಲ್ಲಿ ಇನ್ನೂ ಗಟ್ಟಿಗಿತ್ತಿ!

"ಮೇಡಂ, ಹಡಗು ರಿಪೇರಿ ಯಾರ್ಡ್‌ಗೆ ಗುರುವಾರ ಕೊಡ್ಬೇಕು. ಇದು ಸಿಗದಿದ್ರೆ ಕುವೈತ್‌ಗೆ ಹೋಗೋದೇ ಗತಿ..."

"ಇಂಜಿನಿಯರ್ ಸಾಹೇಬ್ರೇ, 'ಬಂದರಿನ ರಾಜ' ಅಂತ ಇಮೇಲ್ ಇಟ್ಕೊಂಡ್ರೆ ಯಾರು ಕೆಲಸ ಕೊಡ್ತಾರೆ? ಹವ್ಯಾಸ, ನಿದ್ದೆಯಂತೆ! ಇಂಗ್ಲಿಷ್ ಸರಾಗವಂತೆ... ಎಲ್ಲಿ, ಮಾತಾಡಿ?"

"ಥ್ಯಾಂಕ್ಯೂ ವೆರಿ ಮಚ್," ಎಂದವನು ಅಲ್ಲಿಗೇ ನಿಂತುಬಿಟ್ಟ.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವನ ನಗು ನೋಡಿದ ಮೇಲೆ ನಾಗ್ಲಾಳ ಮನಸ್ಸು ಅವಳ ಮಾತು ಕೇಳಲಿಲ್ಲ...

ಮರುದಿನ ಅವನು ಬಿಸಿ ತಾಮಿಯಾ ವಡೆ ಕಟ್ಟಿಸಿಕೊಂಡು ದೋಣಿ ಇಳಿದು ಬಂದ. ತಿನ್ನುತ್ತಾ ತಿದ್ದಿದರು.

"ಅಷ್ಟು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದ್ದೀರಿ. ಅದನ್ನೇ ಬರೆದಿಲ್ವಲ್ರೀ!"

"ಅಪ್ಪನ ವರ್ಕ್‌ಶಾಪ್ ಅಲ್ವಾ... ಅದನ್ನೂ ಬರೀಬೇಕಾ?"

"ಅದನ್ನೇ ಬರೀಬೇಕು!"

ಕೊನೆಗೆ ಅವಳು ಫೋಟೊ ದೊಡ್ಡದು ಮಾಡಿದಳು. ಯಾವುದೋ ಸಮಾರಂಭದ ಫೋಟೊ ಕತ್ತರಿಸಿದ್ದು. ಅವನ ಭುಜದ ಮೇಲೆ ಹೆಣ್ಣಿನ ಬಲಗೈ ಉಳಿದುಬಿಟ್ಟಿತ್ತು. ಬಣ್ಣದ ಉಗುರು... ಬೆರಳಲ್ಲಿ ನಿಶ್ಚಿತಾರ್ಥದ ಉಂಗುರ!

ಅವಿವಾಹಿತ ಎಂದೇನೋ ಬರೆದಿದ್ದ. ನಿಶ್ಚಿತಾರ್ಥ ಆದವನೂ ಅವಿವಾಹಿತನೇ ತಾನೆ?

'ಕೇಳಲೇ? ಕೇಳಿದರೆ ಉತ್ತರ ಬರುತ್ತದೆ... ಬೇಡ!'

ಆ ಕೈಯನ್ನು ಅಳಿಸದೆ ಹಾಗೇ ಪ್ರಿಂಟ್ ತೆಗೆದು ಅವನ ಮುಂದೆ ತಳ್ಳಿದಳು. "ಮುಗೀತು. ಇನ್ನು ಬರ್ಬೇಡಿ."

"ಮೇಡಂ, ನಾನೇನ್ ಮಾಡ್ದೆ?"

ಅವಳು ಮುಂದಿನ ಗಿರಾಕಿಯ ಹಾಳೆಗಳನ್ನು ಎಳೆದುಕೊಂಡಳು. ಅವನು ಹೋದ ಮೇಲೆ ಅಪ್ಪನಿಗೆ ಕಾಣದಂತೆ ಅತ್ತಳು. ಮುಂದಿನ ವಾರವೆಲ್ಲ ದೋಣಿಯಿಂದ ಇಳಿಯುವವರ ಮುಖಗಳನ್ನೇ ನೋಡಿದಳು. ಕುವೈತ್‌ಗೆ ಹೊರಟೇ ಹೋದನೇನೋ...

"ಕೆಲಸ ಸಿಕ್ತು!"

ಬಾಗಿಲಲ್ಲಿ ರಾಫತ್!

"ಯಾರ್ಡ್‌ನವರು ನಕ್ಕೂ ನಕ್ಕೂ ಸುಸ್ತಾದ್ರು. ಈ ಕೈಗೂ ಸಂಬಳ ಕೊಡ್ಬೇಕಾ ಅಂತ ಕೇಳಿದ್ರು!" ಮೊಬೈಲಿನಲ್ಲಿ ಪೂರ್ತಿ ಫೋಟೊ ತೋರಿಸಿದ. ಪಕ್ಕದಲ್ಲಿ ಅವನದೇ ಮೂಗು, ಅವನದೇ ನಗುವಿನ ಹುಡುಗಿ. "ನನ್ನ ತಂಗಿ ಹನಾನ್. ಅವಳ ನಿಶ್ಚಿತಾರ್ಥದ್ದು."

ನಾಗ್ಲಾ ಉಸಿರಾಡಿದಳು.

"ಒಂದು ಚುಕ್ಕೆ ತಪ್ಪಿದ್ರೂ ಬೈದೋರು ನೀವು. ಇಷ್ಟು ದೊಡ್ಡ ತಪ್ಪು ಯಾಕೆ ಬಿಟ್ರಿ?"

"ಕೇಳೋಕೆ... ಭಯ ಆಯ್ತು."

"ಯಾಕೆ?"

"'ಇದು ನನ್ನ ಹುಡುಗಿ ಕೈ' ಅಂತ ನೀವು ಹೇಳಿಬಿಟ್ರೆ?"

ರಾಫತ್‌ನ ಕಣ್ಣು ತುಂಬಿತು. ಜೇಬಿನಿಂದ ಹೊಸ ಫೋಟೊ ತೆಗೆದು ಮೆಲ್ಲಗೆ ಮೇಜಿನ ಮೇಲಿಟ್ಟ. "ಈಗ ನೋಡಿ ನಾಗ್ಲಾ. ಏನಾದ್ರೂ ತಪ್ಪಿದೆಯಾ?"

ಅವಳು ತುಂಬ ಹೊತ್ತು ನೋಡಿದಳು.

"ಇದೆ. ಒಬ್ಬರೇ ನಿಂತಿದ್ದೀರಿ."

"ತಿದ್ದಿಕೊಡ್ತೀರಾ?"

"ಶುಕ್ರವಾರ ಮನೆಯವರನ್ನ ಕರ್ಕೊಂಡು ಬಂದು ನಮ್ಮಪ್ಪನ್ನ ಕೇಳಿ. ಹನಾನ್‌ನೂ ಕರ್ಕೊಂಡು ಬನ್ನಿ... ನನ್ನನ್ನ ಅಷ್ಟು ಅಳಿಸಿದ ಆ ಕೈ ಹಿಡ್ಕೋಬೇಕು!"