ತುಟಿಗೆ ಬಾರದ ಹೆಸರು

"ಸೆರಗು ತಗೀರಿ... ಹಿಂಗ ಬಾಯಿ ಮುಚ್ಚಿಕೊಂಡ್ರ ನಾ ಹಲ್ಲು ಎಲ್ಲಿ ಕೂಡಿಸ್ಲಿ?"

ಹಜರತಬಿ ಬೆಚ್ಚಿ ತಲೆಯೆತ್ತಿದಳು. ಗ್ರಾಂಟ್ ರೋಡಿನ ಉಡುಪಿ ಹೋಟೆಲಿನ ಮೇಲ್ಮಹಡಿಯ ಈ ಹಲ್ಲಿನ ದವಾಖಾನೆಯಲ್ಲಿ ತನ್ನೂರ ಕಡೆಯ ಕನ್ನಡ!

ಅವನು ಶರೀಫ. ಡಾಕ್ಟರಲ್ಲ, ಡಾಕ್ಟರು ಅಳತೆ ತೆಗೆದುಕೊಟ್ಟರೆ ಹಲ್ಲಿನ ಸೆಟ್ಟು ತಯಾರಿಸುವವನು. ಬಾಗಲಕೋಟೆ ಕಡೆಯಿಂದ ಬೊಂಬಾಯಿಗೆ ಬಂದು ಇಲ್ಲೇ ನೆಲೆಯೂರಿದವನು.

"ನೀವು... ನಗತೀರಿ," ಎಂದಳು ಸೆರಗಿನೊಳಗಿಂದಲೇ.

"ಅಲ್ಲಾನ ಆಣೆ, ನಗೂದಿಲ್ಲ."

ಪಾಪ, ಆ ಹುಡುಗಿ ಹೆದರಿದ್ದರಲ್ಲಿ ತಪ್ಪೇನಿದೆ! ಒಸಡಿನ ರೋಗ ಬಂದು, ಪ್ರಾಯದಲ್ಲೇ ಮೇಲಿನ ಸಾಲಿನ ಹಲ್ಲೆಲ್ಲ ಕೀಳಿಸಬೇಕಾಗಿ ಬಂತು. ಸಾವಿರದ ಒಂಬೈನೂರ ಎಪ್ಪತ್ತೆರಡರ ಆ ಬೇಸಿಗೆಯಲ್ಲೇ ನಿಶ್ಚಯವಾಗಿದ್ದ ಮದುವೆಯೂ ಮುರಿಯಿತು. "ಬೊಚ್ಚುಬಾಯಿ ಸೊಸಿ ನಮಗ ಬ್ಯಾಡ" ಎಂದುಬಿಟ್ಟಿದ್ದಳು ಗಂಡಿನ ತಾಯಿ, ಇಡೀ ಚಾಳಿಗೆ ಕೇಳುವಂತೆ. ಅಂದಿನಿಂದ ಹಜರತಬಿ ಬಾಯಿ ಮೇಲಿನ ಸೆರಗು ಇಳಿಸಿರಲಿಲ್ಲ.

ಆ ದಿನ ಇಳಿಸಿದಳು. ಅವನು ನಗಲಿಲ್ಲ.

ಆಮೇಲೆ ಆಂಟಾಪ್ ಹಿಲ್‌ನ ತನ್ನ ಚಾಳಿನಿಂದ ದವಾಖಾನೆಗೆ ಎಷ್ಟೋ ಸಲ ಬಂದಳು. ಹಲ್ಲಿನ ಬಣ್ಣ ಆರಿಸುವಾಗ ಶರೀಫ ಅವಳ ಮುಖವನ್ನೇ ನೋಡುತ್ತಾ ಕೈಯಲ್ಲಿನ ಕೆಲಸ ಮರೆಯುತ್ತಿದ್ದ. ಅವಳಿಗೂ ಎದೆ ಡವಡವ!

'ಹುಚ್ಚಿ... ನಿನಗ್ಯಾಕ ಈ ಆಸೆ? ಯಾರು ಮೆಚ್ಚತಾರ ನಿನ್ನ?' ಎಂದು ತನ್ನನ್ನು ತಾನೇ ಗದರಿಕೊಳ್ಳುತ್ತಿದ್ದಳು.

ಮೇಣದ ಮೇಲೆ ಹಲ್ಲು ಕೂರಿಸಿ, ಬಾಯಲ್ಲಿಟ್ಟು ನೋಡುವ ದಿನ ಬಂತು. ಮಾತು ಸರಿಯಾಗಿ ಹೊರಡುತ್ತದೋ ಇಲ್ಲವೋ ಆಗಲೇ ಪರೀಕ್ಷಿಸಬೇಕು.

"'ಫ' ಅನ್ನೂವಾಗ ಮ್ಯಾಲಿನ ಹಲ್ಲು ಕೆಳತುಟಿಗೆ ತಾಗಬೇಕು," ಎಂದ ಶರೀಫ. ಆಮೇಲೆ ಮುಖ ಕೆಂಪಾಗಿ, "ಹಂಗಾರ... ನನ್ನ ಹೆಸರ ಹೇಳ್ರಿ," ಎಂದ.

ಆ ಹೆಸರನ್ನು ಅವಳು ಮನಸ್ಸಿನಲ್ಲಿ ಅದೆಷ್ಟು ಸಲ ಕರೆದಿದ್ದಳೋ! ಈಗ ಧೈರ್ಯ ಒಗ್ಗೂಡಿಸಿ ಬಾಯಿ ತೆರೆದಳು.

"ತಾ... ತಾರೀಪ್."

ಶರೀಫ ನಕ್ಕುಬಿಟ್ಟ!

ಹಜರತಬಿಯ ಕಣ್ಣು ಕತ್ತಲಾಯಿತು. ಮೇಣದ ಹಲ್ಲು ಕಿತ್ತು ಮೇಜಿನ ಮೇಲಿಟ್ಟಳು. ಅವನು "ಕೇಳ್ರಿ, ಒಂದ್ನಿಮಿಷ..." ಎನ್ನುವಷ್ಟರಲ್ಲಿ ಮೆಟ್ಟಿಲಿಳಿದು ಓಡಿದ್ದಳು.

'ಇವನೂ ಅವರಂಥಾವನ! ಆಣೆ ಹಾಕಿ ನಕ್ಕ...' ಗಂಡಿನವರು ಆಡಿದ ಮಾತಿಗಿಂತ ಈ ನಗು ಅವಳನ್ನು ಹೆಚ್ಚು ಸುಟ್ಟಿತು. ಇವನ ಮುಂದೆ ತಾನೇ ಸೆರಗು ಇಳಿಸಿದ್ದಳಲ್ಲ!

"ಹಲ್ಲು ಬ್ಯಾಡ, ಏನೂ ಬ್ಯಾಡ ನನಗ," ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ತಾಯಿ ಅಕ್ಬರಬಿ ಬೇಡಿ ಬೇಡಿ ಸೋತಳು.

ಒಂದು ಭಾನುವಾರ ಶರೀಫನೇ ಚಾಳು ಹುಡುಕಿಕೊಂಡು ಬಂದ. ಅಕ್ಬರಬಿ ಅವನನ್ನು ಒಳಗೆ ಕೂರಿಸಿ, ಚಹಾ ಇಡುವ ನೆಪದಲ್ಲಿ ಒಲೆಯತ್ತ ತಿರುಗಿದಳು.

"ನಕ್ಕಿದ್ದು ತಪ್ಪಾತು," ಎಂದ ಅವನು ತಲೆ ತಗ್ಗಿಸಿ. "ನೀವು ಅಂದಿದ್ದು ನನ್ನ ಕಿವಿಗೆ 'ತಾರೀಫ್' ಅಂತ ಕೇಳ್ತು. ನಿಮ್ಮ ಬಾಯಿಲೆ ನನ್ನ ಹೆಸರ ಕೇಳಬೇಕಂತ ಕಾದಿದ್ದೆ... ಅದು ಹೊಗಳಿಕಿ ಆಗಿ ಬಂತು. ಖುಷಿ ತಡೀಲಾರದ ನಕ್ಕೆ."

ಅವಳು ಗೋಡೆಯತ್ತಲೇ ಮುಖ ಮಾಡಿಕೊಂಡಿದ್ದಳು.

"ಮತ್ತೊಂದು ಹೇಳ್ಲಾ? ಮುಂದಿನ ಹಲ್ಲು ನಾನ ಸೊಟ್ಟ ಕೂಡಿಸಿದ್ದೆ. ಅದಕ್ಕ ಮಾತು ತೊಡರಿತು. ತಪ್ಪು ನಂದು... ನಿಮ್ಮ ಬಾಯೀದಲ್ಲ."

ಹಜರತಬಿಗೆ ಅಳು ಉಕ್ಕಿತು. ಮೆಲ್ಲನೆ ಎದ್ದು ಕೂತಳು. ಸೆರಗು ತಾನೇ ಇಳಿಸಿದಳು.

"ಹಿಂಗ... ಹಿಂಗ ನೋಡಿ ಹೇಳ್ರಿ, ಏನ ಹೇಳೂದೈತೋ."

"ನಾ ಮೊದಲು ನೋಡಿದ್ದು ಈ ಮುಖ," ಎಂದ ಶರೀಫ. ಅವನ ಕಣ್ಣುಗಳೂ ತುಂಬಿದ್ದವು. "ಮನಸ್ಸು ಕೊಟ್ಟಿದ್ದೂ ಇದಕ್ಕ. ಹಲ್ಲು ಆಮ್ಯಾಲೆ ಮಾಡಿದ್ದು. ನಿಮಗ ಒಪ್ಪಿಗಿ ಇದ್ರ ನಿಮ್ಮ ಅಮ್ಮನ ಹತ್ರ ನಿಕಾಹದ ಮಾತು ಆಡತೀನಿ."

ಒಲೆಯ ಬಳಿ ಅಕ್ಬರಬಿ ಸದ್ದಿಲ್ಲದೆ ಕಣ್ಣೊರೆಸಿಕೊಂಡಳು.

ಮರುದಿನ ದವಾಖಾನೆಯಲ್ಲಿ ಸರಿಪಡಿಸಿದ ಮೇಣದ ಹಲ್ಲು ಕೂರಿಸಿ ನೋಡಿದ ಡಾಕ್ಟರು, "ಫೋನು" ಎನ್ನಿಸಿ ತಲೆದೂಗಿದರು. ಕೆಲವು ದಿನ ಕಳೆದು ಪೂರ್ತಿ ಸೆಟ್ಟು ಅವಳ ಬಾಯಲ್ಲಿ ಕೂತಿತು. ಕನ್ನಡಿಯಲ್ಲಿ ಹಜರತಬಿ ತನ್ನನ್ನೇ ನೋಡುತ್ತಾ ಬಹಳ ಹೊತ್ತು ನಿಂತಳು. ಕೆನ್ನೆ ಮೇಲೆ ನೀರಿಳಿಯುತ್ತಲೇ ಇತ್ತು.

ಡಾಕ್ಟರು ಒಳಗೆ ಹೋದದ್ದೇ ತಡ, ಶರೀಫ ಹತ್ತಿರ ಬಂದ.

"ಈಗರೆ ಹೇಳ್ರಿ... ನನ್ನ ಹೆಸರ."

"ಹೇಳೂದಿಲ್ಲ."

ಅವನ ಮುಖ ಸಪ್ಪಗಾಯಿತು. "ಯಾಕ್ರಿ? ಇನ್ನೂ ಸಿಟ್ಟಾ? ಇಲ್ಲಾ... ಹಲ್ಲು ತಾಗವಲ್ದೇನು?"

"ಹಲ್ಲು ಚಂದ ತಾಗತಾವ," ಎಂದಳು ಹಜರತಬಿ. ಒಂದು ಅಕ್ಷರವೂ ತೊಡರಲಿಲ್ಲ. ಕೈ ಸೆರಗಿನತ್ತ ಹೋಗಲೂ ಇಲ್ಲ.

"ಮತ್ತ?"

"ಗಂಡ ಆಗಾವನ ಹೆಸರ ಹಿಡದು ಯಾರರ ಕರೀತಾರೇನು?"